ಮೂತ್ರಾಶಯವೂ ರಕ್ತಸಂಚಾರವೂ

ಎಪ್ಪತ್ತನ್ನು ದಾಟಿದ ಗೃಹಸ್ಥರೊಬ್ಬರು ರಾತ್ರಿಯಲ್ಲಿ ನಾಲ್ಕೈದು ಬಾರಿ ಏಳುವರು. ದೀಪ ಹಾಕಿದರೆ ಸೊಸೆಗೆ ಎಚ್ಚರವಾದೀತೆಂದು ಕತ್ತಲಲ್ಲಿಯೇ ಗೋಡೆಯನ್ನು ತಡವುತ್ತ ಹಿತ್ತಿಲಿಗೆ ಹೋಗುವರು. ಒಮ್ಮೆ ಹೊಸಿಲನ್ನೆಡವಿ ಬಿದ್ದುದೂ ಉಂಟು. ಕೇಳಿದರೆ, "ವಯಸ್ಸಾಯಿತಲ್ಲ" ಎನ್ನುವರು. ಎರಡು ಬೀದಿ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುವುದಕ್ಕೂ ಅದೇ ಉತ್ತರ. ಈ ಎರಡು ಬಾಧೆಗಳಿಗೂ ಮೂಲವೊಂದೇ ಇರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಚರಕಾಚಾರ್ಯರು ಶಿರಸ್ಸು, ಹೃದಯಗಳೊಡನೆ ವಸ್ತಿಯನ್ನೂ ಮಹಾಮರ್ಮಗಳಲ್ಲಿ ಎಣಿಸಿದರು. ಮೂತ್ರವೇಗವನ್ನು ತಡೆಯಬಾರದೆಂದೂ ವಿಧಿಸಿದರು. ಲಜ್ಜೆಯ ದೆಸೆಯಿಂದ ಈ ಅಂಗದ ಮಾತನ್ನೇ ಎತ್ತದ ಲೋಕವು ಅದನ್ನು ಮರೆತಿದೆ.

ಉದರದ ಮಹಾಧಮನಿಯು ಸೊಂಟದ ಬಳಿ ಇಬ್ಭಾಗವಾಗಿ, ಒಂದೊಂದು ಭಾಗವೂ ಮತ್ತೆ ಕವಲೊಡೆಯುವುದು. ಹೊರಗಿನ ಕವಲು ಕಾಲಿಗೆ. ಒಳಗಿನ ಕವಲಿನ ಶಾಖೆಗಳು ಮೂತ್ರಾಶಯಕ್ಕೆ. ಕವಲಿಗೆ ಮೊದಲೇ ನಾಳದೊಳಗೆ ಮೇದಸ್ಸು ಕಟ್ಟಿಕೊಂಡರೆ ಎರಡಕ್ಕೂ ರಕ್ತವು ಕೊರತೆಯಾಗುವುದು. ಮೂತ್ರಾಶಯದ ಅವಸ್ಥೆಯಾದರೋ ಇನ್ನೂ ವಿಚಿತ್ರವಾದುದು. ಅದು ತುಂಬಿ ಬಿಗಿದಾಗ ಗೋಡೆಯೊಳಗಿನ ಸೂಕ್ಷ್ಮನಾಳಗಳು ಅದುಮಿಹೋಗಿ ರಕ್ತವು ತಗ್ಗುವುದು. ಬರಿದಾದೊಡನೆ ಮರಳಿ ಹರಿಯುವುದು. ಆರೋಗ್ಯವಂತರಿಗೆ ಇದರಿಂದ ಹಾನಿಯಿಲ್ಲ. ನಾಳಗಳು ಕಿರಿದಾದವರಲ್ಲಿ, ಅಥವಾ ಪ್ರಾಸ್ಟೇಟ್ ಗ್ರಂಥಿಯು ಬೆಳೆದು ಮೂತ್ರದ ದಾರಿಯನ್ನು ಒತ್ತಿದವರಲ್ಲಿ, ಹಾಗೆ ಮರಳಿ ಬಂದ ಆಮ್ಲಜನಕವೇ ವಿಷಪ್ರಾಯವಾಗುವುದು. ಅದರಿಂದ ಸೂಪರಾಕ್ಸೈಡ್ ಮೊದಲಾದ ಉಗ್ರಕಣಗಳು ಹುಟ್ಟಿ ಜೀವಕೋಶಗಳ ಪೊರೆಯನ್ನೂ, ಅವುಗಳಿಗೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳನ್ನೂ ಕೆಡಿಸುವುವು. ಸೂಪರಾಕ್ಸೈಡನ್ನು ಶಮನಗೊಳಿಸುವ ಕಿಣ್ವವೊಂದು ದೇಹದಲ್ಲಿಯೇ ಇರುವುದೆಂದು ಮೆಕಾರ್ಡ್, ಫ್ರಿಡೊವಿಚ್ ಎಂಬ ವಿದ್ವಾಂಸರು 1969ರಲ್ಲಿ ತೋರಿಸಿದರು. ದಿನದಿನದ ಹಾವಳಿಗೆ ಆ ರಕ್ಷಣೆಯು ಸಾಲದೆ ಹೋಗಬಹುದು. ನರಗಳು ಬೇಗನೆ ಕೆಡುವುವು. 1999ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅಜದ್ಜೋಯಿ ಮೊದಲಾದವರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಈ ಧಮನಿಗಳು ಕಿರಿದಾದ ಮೊಲಗಳ ಮೂತ್ರಾಶಯದಲ್ಲಿ ನಾರು ಬೆಳೆದು, ಅದು ಹಿಗ್ಗುವ ಗುಣವನ್ನೇ ಕಳೆದುಕೊಂಡಿತ್ತು. ಸ್ವಲ್ಪ ತುಂಬಿದರೂ ಅವಸರವಾಗುವುದು ಇದರಿಂದಲೇ. ಕಡೆಕಡೆಗೆ ಕುಗ್ಗುವ ಬಲವೂ ಕುಂದಿ, ಪೂರ್ತಿಯಾಗಿ ಬರಿದಾಗದೆ ಉಳಿಯುವುದು.

ರಾತ್ರಿ ಏಳುವವರೆಲ್ಲರಿಗೂ ಇದೇ ಕಾರಣವೆನ್ನಲಾಗದು. ಮಧುಮೇಹವನ್ನೂ ಪ್ರಾಸ್ಟೇಟನ್ನೂ ಮೊದಲು ನೋಡತಕ್ಕದ್ದು. ಆ ಗೃಹಸ್ಥರ ವೈದ್ಯರು ಅವೆರಡನ್ನೂ ನೋಡಿದ ಮೇಲೆ, ತೊಡೆಸಂದಿನಲ್ಲಿ ಬೆರಳಿಟ್ಟು ಬಹಳ ಹೊತ್ತು ನಾಡಿಯನ್ನು ಹುಡುಕಿದರು.

"ರಾಯರೇ, ಸಿಗರೇಟು ಎಷ್ಟು ವರ್ಷಗಳಿಂದ?"

ಹಿತ್ತಿಲಿನಲ್ಲಿ ನಲವತ್ತು ವರ್ಷ ಕಾಪಾಡಿದ ಗುಟ್ಟು ಸೊಸೆಯ ಎದುರಿಗೇ ಬಯಲಾಯಿತು. ರಾಯರು ತಲೆ ತಗ್ಗಿಸಿದರು. ಆಕೆ ಏನನ್ನೂ ಆಡಲಿಲ್ಲ. ಅಂದಿನಿಂದ ಹಿತ್ತಿಲ ಬಾಗಿಲ ಬಳಿ ಒಂದು ಸಣ್ಣ ದೀಪ ಬೆಳಗಿನವರೆಗೂ ಉರಿಯುತ್ತಿರುವುದು.