ಚಿಕ್ಕ ಗಡಿಯಾರದ ಪಕ್ಕದ ಮಾರುಕಟ್ಟೆ

ಮೈಸೂರಿನಲ್ಲಿ ಸಂಜೆಯ ಹೊತ್ತು ಯಾರ ಮನೆಯ ಜಗಲಿಯ ಮೇಲೆ ಕುಳಿತರೂ ಊರಿನ ಸುದ್ದಿಗೆ ಬರವಿಲ್ಲ. ಯಾವ ರಸ್ತೆಯಲ್ಲಿ ಮರ ಕಡಿದರು, ಕುಕ್ಕರಹಳ್ಳಿ ಕೆರೆಯ ನೀರಿಗೆ ಏನಾಯಿತು, ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಕೆ ಬೇಡವೆ, ಇವೆಲ್ಲ ನಮಗೆ ಮನೆಯ ವ್ಯವಹಾರವಿದ್ದಂತೆ. ಇವುಗಳಲ್ಲಿ ದೇವರಾಜ ಮಾರುಕಟ್ಟೆಯ ಪ್ರಶ್ನೆಯೊಂದು ಅಕ್ಷಯಪಾತ್ರೆ. ವರ್ಷಗಳಿಂದ ಬಡಿಸುತ್ತಲೇ ಇದ್ದೇವೆ, ಇನ್ನೂ ಬರಿದಾಗಿಲ್ಲ.

ನನ್ನ ನೆರೆಮನೆಯವರು ನಿವೃತ್ತ ಇಂಜಿನಿಯರರು. ಆ ಸಂಜೆ ಪತ್ರಿಕೆಯನ್ನು ಮಡಿಸುತ್ತ, "ನೋಡಿ ರಾಯರೆ, ಮತ್ತೆ ಬಂದಿದೆ ಮಾರುಕಟ್ಟೆಯ ವಿಚಾರ. ಕೆಡವಿ ಹೊಸದಾಗಿ ಕಟ್ಟುವುದೇ ಕ್ಷೇಮ" ಎಂದರು. ನಾನು ಎಂದಿನಂತೆ ಸಿಡಿದೆದ್ದೆ. ಮಹಾರಾಜರ ಕಾಲದ ಕಟ್ಟಡ, ಊರಿನ ಹೆಮ್ಮೆ, ಒಂದು ಇಟ್ಟಿಗೆಯನ್ನೂ ಮುಟ್ಟಕೂಡದು ಎಂದು ಕಾಲು ಗಂಟೆ ಭಾಷಣ ಮಾಡಿದೆ. ಒಳಗಿನಿಂದ ಕಾಫಿ ತಂದ ನನ್ನಾಕೆ ಲೋಟಗಳನ್ನು ಇಡುತ್ತ, "ಅದೆಲ್ಲ ಸರಿ. ತಾವು ಆ ಮಾರುಕಟ್ಟೆಗೆ ಕಾಲಿಟ್ಟು ಎಷ್ಟು ತಿಂಗಳಾಯಿತು? ನಾಳಿದ್ದು ವರಮಹಾಲಕ್ಷ್ಮಿ ಹಬ್ಬ. ಹೂವನ್ನು ಫೋನಿನಲ್ಲಿ ತರಿಸೋಣವೆಂದು ಬೆಳಿಗ್ಗೆ ಹೇಳಿದವರು ತಾವೇ ಅಲ್ಲವೆ?" ಎಂದಳು.

ಇಂಜಿನಿಯರರು ನಕ್ಕರು. ನಾನು ಕಾಫಿ ಕುಡಿದೆ. ಮರುದಿನ ಬೆಳಕು ಹರಿಯುವ ಮುನ್ನವೇ ಕೈಚೀಲ ಹಿಡಿದು ಹೊರಟೆ.

ಕೃಷ್ಣರಾಜ ವೃತ್ತವನ್ನು ದಾಟಿ ಚಿಕ್ಕ ಗಡಿಯಾರದ ಬಳಿ ನಿಂತಾಗ ಹೂವಿನ ಗಾಡಿಗಳು ಇನ್ನೂ ಬರುತ್ತಿದ್ದುವು. ವೈಸರಾಯ್ ಡಫರಿನ್ ಪ್ರಭುಗಳು 1886ರಲ್ಲಿ ಮೈಸೂರಿಗೆ ಬಂದುದರ ನೆನಪಿಗೆ ಎದ್ದ ಗೋಪುರವಿದು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಬೆಳ್ಳಿಹಬ್ಬಕ್ಕಾಗಿ ಮತ್ತೊಂದು ಗಡಿಯಾರ ಎದ್ದ ಮೇಲೆ ಇದು ಚಿಕ್ಕದಾಯಿತು. ಅದರ ಒಂದು ಮಗ್ಗುಲಲ್ಲಿ ಮಾರುಕಟ್ಟೆಯ ಬಾಗಿಲು. ಮತ್ತೊಂದು ಮಗ್ಗುಲಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡ. ಆ ಕಟ್ಟಡದ ಮಾಡಿನ ಕೆಳಗೆ ಒಂದಾನೊಂದು ಕಾಲದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದುವು. ಊರಿನ ಎಷ್ಟೋ ಮಂದಿ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಕಾಲು ಬೆಲೆಗೆ ಅಲ್ಲಿಯೇ ಮಾರಿದವರು. 2012ರ ಆಗಸ್ಟ್ 25ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಮಳಿಗೆಗಳನ್ನು ತೆರವು ಮಾಡಿಸಿದರು. ಆಮೇಲೆ ಒಂದು ದಶಕ ಕಳೆದರೂ ಅದನ್ನು ಎತ್ತಿ ನಿಲ್ಲಿಸಲಿಲ್ಲ, ಇಳಿಸಲೂ ಇಲ್ಲ. ಭಾಷಣ ಮಾಡುವಾಗ ಆ ನಾಲ್ವರ ನೆನಪು ನನಗೆ ಬಂದಿರಲಿಲ್ಲ.

ಮಾರುಕಟ್ಟೆಯ ಒಳಗೆ ಹೊಕ್ಕೊಡನೆ ಮೂಗು ದಾರಿ ತೋರಿಸುತ್ತದೆ. ಮೊದಲು ಬಾಳೆಹಣ್ಣಿನ ಓಣಿ. ನಂಜನಗೂಡಿನ ರಸಬಾಳೆ ಈಗ ಎಲ್ಲ ದಿನವೂ ಸಿಕ್ಕುವುದಿಲ್ಲ, ಸಿಕ್ಕಿದ ದಿನ ಅದರ ಪರಿಮಳವೇ ಕರೆಯುತ್ತದೆ. ಆಚೆಗೆ ವೀಳೆಯದೆಲೆ, ಮೈಸೂರಿನ ಚಿಗುರೆಲೆಯನ್ನು ಒದ್ದೆ ಬಟ್ಟೆಯಡಿ ಮಗುವಿನಂತೆ ಮಲಗಿಸಿರುತ್ತಾರೆ. ಅದರಾಚೆ ಅರಿಸಿನ, ಕುಂಕುಮ, ರಂಗೋಲಿಯ ಬಣ್ಣದ ಗುಡ್ಡೆಗಳು. ಪ್ರವಾಸಿಗಳು ಚಿತ್ರ ತೆಗೆಯುವುದು ಇವುಗಳದೇ. ಕೊನೆಗೆ ಹೂವು. ಹಬ್ಬದ ಮುನ್ನಾದಿನವಾದ್ದರಿಂದ ಮಲ್ಲಿಗೆ, ಸೇವಂತಿಗೆ, ಕನಕಾಂಬರ, ತಾವರೆಮೊಗ್ಗುಗಳ ನಡುವೆ ಮನುಷ್ಯರೇ ಕಾಣುತ್ತಿರಲಿಲ್ಲ. ಈ ಆವರಣದಲ್ಲಿ ಸುಮಾರು 800 ಮಳಿಗೆಗಳಿವೆ ಎಂಬ ಲೆಕ್ಕವುಂಟು. ನೆಲದ ಮೇಲೆ ಬುಟ್ಟಿಯಿಟ್ಟು ಕುಳಿತವರು, ಮೂಟೆ ಹೊರುವವರು ಇದಕ್ಕೆ ಹೊರತು.

ಪರಿಚಯದ ಹೂವಿನ ಅಂಗಡಿಯ ಮುದುಕರು ನನ್ನನ್ನು ಗುರುತಿಸಿದರು. "ಏನು ಬುದ್ಧಿ, ಬಾಳ ದಿವಸ ಆಯ್ತು. ಅಮ್ಮಾವ್ರು ಚೆನ್ನಾಗವ್ರಾ?" ಎಂದರು. ಮಾರು ಹಾಕುತ್ತ, ನಾನು ಕೇಳುವ ಮೊದಲೇ ಕೊನೆಯಲ್ಲಿ ಒಂದು ಗೇಣು ಹೆಚ್ಚು ಬಿಟ್ಟರು. ನನಗೆ ನಾಚಿಕೆಯಾಯಿತು. ಮಾತು ತೆಗೆಯಬೇಕೆಂದು, "ಕೆಡವುತ್ತಾರಂತಲ್ಲ ಯಜಮಾನರೆ?" ಎಂದೆ. ಅವರು ತಲೆ ಎತ್ತದೆ ಹೂವನ್ನು ಬಾಳೆ ಎಲೆಯಲ್ಲಿ ಸುತ್ತುತ್ತ ಹೇಳಿದರು: "ಕೆಡವಲಿ ಬುದ್ಧಿ, ರಿಪೇರಿನಾದ್ರೂ ಮಾಡ್ಲಿ. ಮಳೆ ಬಂದ ರಾತ್ರಿ ನಂಗೂ ನಿದ್ದೆ ಬರಾಕಿಲ್ಲ. ಆದ್ರೆ ಎದ್ದು ಹೋಗು ಅಂದೋರು ವಾಪಸ್ ಬಾ ಅನ್ನೋದ ಯಾವ ಕಾಗದದಾಗೆ ಬರೆದುಕೊಡ್ತಾರೆ, ಅದ ಹೇಳಿ."

ಅವರ ಅಂಗಡಿಯ ಮೇಲಿನ ಗೋಡೆಯ ಬಿರುಕಿನಲ್ಲಿ ಒಂದು ಅರಳಿಯ ಸಸಿ ಬೆಳೆದಿತ್ತು. ಎಲೆಗಳು ಹೊಸ ಚಿಗುರಿನ ಕೆಂಪು. ಅದನ್ನು ನೋಡುತ್ತ ನಿಂತಾಗ ನನಗೆ ನಮ್ಮ ಇಂಜಿನಿಯರರು ಹಿಂದೊಮ್ಮೆ ವಿವರಿಸಿದ್ದುದು ನೆನಪಾಯಿತು. ಆ ಕಾಲದ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ತಾರಸಿಯು ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣ ಹಾಕಿ ಬಡಿದದ್ದು. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸೆರೆಯಾಗುತ್ತದೆ. ತಾರಸಿಯ ನೀರು ಹರಿದುಹೋಗುವ ದೋಣಿ ಕಟ್ಟಿಕೊಂಡರೆ ತೊಲೆಯ ತುದಿ ಕೊಳೆಯುತ್ತದೆ. ಹಕ್ಕಿ ಹಾಕಿದ ಅರಳಿಯ ಬೀಜ ಬಿರುಕಿನಲ್ಲಿ ಬೇರು ಬಿಟ್ಟರೆ ಬೇರು ದಪ್ಪವಾದಂತೆಲ್ಲ ಗೋಡೆ ಸೀಳುತ್ತದೆ. ವರ್ಷಕ್ಕೊಮ್ಮೆ ಒಬ್ಬ ಆಳು ಏಣಿ ಹಾಕಿ ಹತ್ತಿ ಸಸಿ ಕಿತ್ತು, ದೋಣಿ ಬಳಿದು ಇಳಿದರೆ ತಪ್ಪುವ ಕೇಡು ಇದು.

2016ರ ಆಗಸ್ಟ್ 28ರಂದು ಧನ್ವಂತ್ರಿ ರಸ್ತೆಯ ಕಡೆಯ ಭಾಗ ಕುಸಿದುಬಿದ್ದಿತು. ಅದೂ ದುರಸ್ತಿಯ ಕೆಲಸ ನಡೆಯುತ್ತಿದ್ದಾಗಲೇ. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಅಂದಿನಿಂದ ಉಳಿಸಬಹುದೆಂದು ಕೆಲವು ತಜ್ಞರು, ಉಳಿಸಲಾಗದೆಂದು ಇನ್ನು ಕೆಲವರು ವರದಿ ಬರೆದರು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ವರದಿಗಳು ದಪ್ಪವಾದಷ್ಟೂ ಗೋಡೆಯ ಸಸಿಗಳೂ ದಪ್ಪವಾದುವು.

ಕೆಡವಬೇಕೆನ್ನುವವರು ಊರಿನ ದ್ರೋಹಿಗಳೆಂದು ನಾನು ಈಗ ಹೇಳಲಾರೆ. ಈ ಊರು ಹೊಸದನ್ನು ಕಟ್ಟಲು ಹೆದರಿದ ಊರಲ್ಲ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. 1912ರ ಹೊತ್ತಿಗೆ ಅದೇ ಸ್ಥಳದಲ್ಲಿ ಇಂದಿನ ಅರಮನೆ ಸಿದ್ಧವಾಗಿತ್ತು. ಪ್ಲೇಗಿನ ಹಾವಳಿಯ ಬಳಿಕ 1903ರಲ್ಲಿ ನಗರ ಸುಧಾರಣೆಗಾಗಿಯೇ ಒಂದು ಮಂಡಲಿಯನ್ನು ಸ್ಥಾಪಿಸಿದರು. ಇಕ್ಕಟ್ಟಿನ ಕೇರಿಗಳು ಬಿಡುವಾದುವು, ಬಡಾವಣೆಗಳು ಎದ್ದುವು. ಆ ಹಿರಿಯರು ಹಳೆಯದನ್ನು ಉಳಿಸಿದರೆಂದೂ ಹೇಳುವಂತಿಲ್ಲ, ಅಳಿಸಿದರೆಂದೂ ಹೇಳುವಂತಿಲ್ಲ. ಅವರು ನಿಶ್ಚಯಿಸಿದರು, ನಿಶ್ಚಯಿಸಿದ್ದನ್ನು ಮುಗಿಸಿದರು. ನಮಗೆ ಬಂದಿರುವ ರೋಗವೆಂದರೆ ನಿಶ್ಚಯಿಸದೆ ಇರುವುದು. ಅದರ ಸಂಕಟವನ್ನು ಅನುಭವಿಸುವವರು ಜಗಲಿಯ ಮೇಲೆ ವಾದಿಸುವ ನಾವಲ್ಲ, ಮಳೆಯ ರಾತ್ರಿ ನಿದ್ದೆಗೆಡುವ ಆ ಮುದುಕರು.

ನನ್ನ ಅಲ್ಪಮತಿಗೆ ತೋರುವುದಿಷ್ಟು. ಸರಿಪಡಿಸಲು ಸಾಧ್ಯವಾದಷ್ಟನ್ನು ಒಂದೊಂದು ಸಾಲಿನಂತೆ, ಸುಣ್ಣದ ಕೆಲಸ ಬಲ್ಲವರ ಕೈಯಿಂದ ಸರಿಪಡಿಸಲಿ; ಒಂದು ಸಾಲಿನವರು ತೆರಳಿ ಹಿಂದಿರುಗಿದ ಮೇಲೆ ಮುಂದಿನ ಸಾಲಿನವರು ತೆರಳಲಿ. ಸಾಧ್ಯವೇ ಇಲ್ಲದ ಭಾಗವನ್ನು ಇಳಿಸಿ, ಅದೇ ಓಣಿಗಳ ಅಳತೆಯಲ್ಲಿ ಮತ್ತೆ ಕಟ್ಟಲಿ. ಕಲ್ಲು ಕೀಳುವ ಮುನ್ನ ಪ್ರತಿಯೊಬ್ಬ ವ್ಯಾಪಾರಿಯ ಕೈಗೂ, ನೆಲದ ಮೇಲೆ ಕುಳಿತವರ ಕೈಗೂ, ಹಿಂದಿರುಗುವ ಜಾಗ ಮತ್ತು ಅವಧಿಯನ್ನು ಬರೆದ ಕಾಗದ ಸಿಕ್ಕಲಿ. ಅದಿಲ್ಲದೆ ಕಟ್ಟಿದರೆ ಕಮಾನುಗಳು ಎಷ್ಟು ಚೆಂದವಿದ್ದರೂ ಒಳಗೆ ಕುಳಿತವರು ಬೇರೆಯವರಾಗಿರುತ್ತಾರೆ. ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ನೋಡಲು ಬಂದ ಪರ ಊರಿನವರಿಗೆ ಅದು ತಿಳಿಯಲಿಕ್ಕಿಲ್ಲ. ನಮಗೆ ತಿಳಿಯುತ್ತದೆ.

ಮನೆಗೆ ಬಂದು ಬಾಳೆ ಎಲೆಯ ಪೊಟ್ಟಣ ಬಿಚ್ಚಿದಾಗ ನನ್ನಾಕೆ ಹೂವನ್ನು ಮೊಳ ಹಾಕಿ ನೋಡಿ, "ಹೆಚ್ಚಿದೆಯಲ್ಲ!" ಎಂದಳು. ಆ ಯಜಮಾನರು ಅವಳನ್ನು ವಿಚಾರಿಸಿದರೆಂದು ತಿಳಿಸಿದೆ. ಸಂಜೆ ಇಂಜಿನಿಯರರು ಬಂದು ಜಗಲಿಯ ಮೇಲೆ ಕುಳಿತು, "ಏನು ರಾಯರೆ, ಇಟ್ಟಿಗೆಗಳೆಲ್ಲ ಕ್ಷೇಮವೆ?" ಎಂದು ಕೆಣಕಿದರು. ಈ ಸಲ ನಾನು ಭಾಷಣ ಮಾಡಲಿಲ್ಲ. "ಬರುವ ಶನಿವಾರ ಬೆಳಿಗ್ಗೆ ನೀವೂ ಬನ್ನಿ, ಒಂದು ಅರಳಿಯ ಸಸಿ ತೋರಿಸುತ್ತೇನೆ. ಅದನ್ನು ಯಾರಿಗೆ ಹೇಳಿ ಕೀಳಿಸಬೇಕೆಂಬುದು ನಿಮಗೆ ಗೊತ್ತಿರುತ್ತದೆ. ಅರ್ಜಿಯನ್ನು ನಾನು ಬರೆಯುತ್ತೇನೆ" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಆಗಲಿ, ಆದರೆ ಕೈಚೀಲ ಎರಡು ತನ್ನಿ. ನಮ್ಮ ಮನೆಯವಳು ಈರನಗೆರೆ ಬದನೆಕಾಯಿ ಕಂಡು ವರ್ಷವಾಯಿತು ಎನ್ನುತ್ತಿದ್ದಳು" ಎಂದರು.