ಮಾನ್ವಿ ದಾರಿಯಲ್ಲಿ ಗಜಲ್ ಮೇಷ್ಟ್ರು

ಕವಿ ಶಾಂತರಸರು ಹುಟ್ಟಿದ್ದು 1924ರ ಏಪ್ರಿಲ್‌ನಲ್ಲಿ, ರಾಯಚೂರು ಜಿಲ್ಲೆಯ ಹೆಂಬೆರಾಳಿನಲ್ಲಿ. ನಮ್ಮನ್ನಗಲಿದ್ದು 2008ರ ಏಪ್ರಿಲ್‌ನಲ್ಲಿ. ಬಿಸಿಲು ನೆತ್ತಿ ಸುಡುವ ಆ ತಿಂಗಳಲ್ಲೇ ಅವರ ಸೀಮೆಯನ್ನು ಕಣ್ತುಂಬ ನೋಡಬೇಕೆಂದು ರಾಯಚೂರಿಗೆ ಬಂದಿಳಿದೆ. ಅವರೆದುರು ಕೂತು ಪಾಠ ಕೇಳುವ ಯೋಗ ನನಗೆ ಬರಲಿಲ್ಲ. ಆದರೆ ಗಜಲ್ ಎಂದರೇನೆಂದು ಕನ್ನಡದಲ್ಲಿ ಕಲಿತದ್ದು ಅವರ ಪುಸ್ತಕಗಳಿಂದ. ಹಾಗಾಗಿ ಅವರು ನನಗೂ ಮೇಷ್ಟ್ರೇ.

ಬೆಳಿಗ್ಗೆ ಕೋಟೆಯ ಕಡೆ ನಡೆದೆ. ಗೋಡೆಯ ದೊಡ್ಡ ಕಲ್ಲಿನ ಮೇಲೆ 1294ರ ತೆಲುಗು ಶಾಸನವಿದೆ. ಆದಿಲಶಾಹಿ ಕಾಲದ ಬಾಗಿಲುಗಳ ಬಳಿ ಪಾರಸಿ ಬರಹಗಳಿವೆ. ಕೋಟೆ ಇಳಿದು ಬಂದರೆ ಒಗ್ಗರಣಿ-ಮಿರ್ಚಿ ಅಂಗಡಿಯ ಮುಂದೆ ಕನ್ನಡ, ಉರ್ದು, ತೆಲುಗು ಮೂರೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಕನ್ನಡ ಗಜಲ್ ಇಲ್ಲೇ ಏಕೆ ಬೇರುಬಿಟ್ಟಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಉಳಿದರ್ಧ ಹುಡುಕಿ ಹತ್ತಿದ ಮಾನ್ವಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರು "ಯಾ ಊರ್ರಿ ನಿಮ್ದು?" ಎಂದು ಮಾತಿಗೆಳೆದರು. ಬಂದ ಕಾರಣ ಹೇಳಿದೆ. "ನಮ್ಮಪ್ಪ ನಿಜಾಮರ ಕಾಲ್ದಾಗ ಉರ್ದು ಸಾಲಿ ಕಲ್ತಾಂವ್ರಿ. ಹೊಲದ ಕಾಗ್ದ ಎಲ್ಲಾ ಉರ್ದುದಾಗ ಇರ್ತಿದ್ವು. ಮನ್ಯಾಗ ಮಾತು ಕನ್ನಡ, ಬರವಣಿಗಿ ಉರ್ದು" ಎಂದರು.

ಶಾಂತರಸರ ತಲೆಮಾರಿನ ಬಾಳೇ ಅದು. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದು ಅಂದು ಆಡಳಿತದ ಭಾಷೆ, ಮೇಲಿನ ಓದಿನ ಭಾಷೆ. ಆ ಆಡಳಿತದಿಂದ ಬಿಡುಗಡೆ ಬಯಸಿದವರಿಗೆ ಅದರ ಭಾಷೆಯ ಮೇಲೂ ಮುನಿಸು ಹುಟ್ಟಬಹುದಿತ್ತು. ಶಾಂತರಸರಲ್ಲಿ ಹುಟ್ಟಿದ್ದು ಪ್ರೀತಿ. ರಾಯಚೂರಿನಲ್ಲಿ ಪಾಠ ಹೇಳುತ್ತ, ಕಾದಂಬರಿ, ನಾಟಕ, ಕವಿತೆ ಬರೆಯುತ್ತ, ಮಿರ್ಜಾ ಹಾದಿ ರುಸ್ವಾರ 'ಉಮ್ರಾವ್ ಜಾನ್ ಅದಾ'ವನ್ನು ಕನ್ನಡಕ್ಕೆ ತಂದರು. ಗಜಲನ್ನು ಕನ್ನಡದ್ದಾಗಿಸಿದರು.

ಅದು ಸುಲಭದ ಕೆಲಸವಲ್ಲ. ಗಜಲಿನ ಪ್ರತಿ ದ್ವಿಪದಿಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಮೊದಲ ದ್ವಿಪದಿ ಮತ್ಲಾದ ಎರಡೂ ಸಾಲುಗಳಲ್ಲಿ, ಮುಂದಿನವುಗಳ ಎರಡನೆಯ ಸಾಲಿನಲ್ಲಿ, ಕಾಫಿಯಾದ ಪ್ರಾಸ ಬಂದು ಅದರ ಬೆನ್ನಿಗೇ ರದೀಫ್ ಎಂಬ ಅದೇ ಪದ ಮರುಕಳಿಸಬೇಕು. ಉರ್ದುವಿನಂತೆ ಕನ್ನಡದಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ರದೀಫ್ ನಮ್ಮ ನಾಲಿಗೆಗೆ ಒಗ್ಗುತ್ತದೆ. ಎರಡೂ ಭಾಷೆಗಳನ್ನು ಬಾಳಿದವರಿಗೆ ಈ ಒಳದಾರಿ ಕಂಡಿತು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ನಡೆದು ಗಜಲಿಗೆ ಹೆಣ್ಣಿನ ದನಿ ಕೊಟ್ಟರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶಾಂತರಸರೇ ಅಧ್ಯಕ್ಷರಾದಾಗ ನಾಡು ಈ ಗಡಿಸೀಮೆಯ ಮೇಷ್ಟ್ರಿಗೆ ತಲೆಬಾಗಿತು.

ಕಲ್ಲೂರು, ನೀರಮಾನ್ವಿ ದಾಟಿತು ಬಸ್ಸು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ಒಂದೆಡೆ, ಮಳೆಗೆ ಬಾಯ್ದೆರೆದ ಎರೆಹೊಲ ಇನ್ನೊಂದೆಡೆ. ಮಾನ್ವಿಯಲ್ಲಿ ಇಳಿದವನು ನೇರ ಹರಿದಾಸ ಜಗನ್ನಾಥದಾಸರ ಗುಡಿಗೆ ಹೋದೆ. ಬ್ಯಾಗವಟದಲ್ಲಿ 1728ರಲ್ಲಿ ಹುಟ್ಟಿ, 1809ರಲ್ಲಿ ಈ ಊರಲ್ಲೇ ದೇಹವಿಟ್ಟವರು ಅವರು. ಗುಡಿಯ ಕಂಬದಲ್ಲಿ ದಾಸರಿದ್ದಾರೆಂಬುದು ಭಕ್ತರ ನಂಬಿಕೆ. ದಾಸರಾಗುವ ಮುನ್ನ ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರಾಗಿದ್ದ ಅವರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆನೋವಿಗೆ ಈಡಾದರಂತೆ, ಗೋಪಾಲದಾಸರಿಗೆ ಶರಣಾಗಿ ಗುಣ ಹೊಂದಿದರಂತೆ. ಮುಂದೆ ಅವರೇ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದರು.

ಕಂಬಕ್ಕೆ ಕೈಮುಗಿದು ಕೂತಾಗ ಹಿರಿಯರೊಬ್ಬರು ದಾಸರ ಪದ ಹಾಡುತ್ತಿದ್ದರು. ಕೊನೆಯ ನುಡಿಯಲ್ಲಿ 'ಜಗನ್ನಾಥ ವಿಠ್ಠಲ' ಎಂಬ ಅಂಕಿತ ಬಂದೊಡನೆ ನನ್ನ ನೆನಪು ಗಜಲಿನ ಕೊನೆಯ ದ್ವಿಪದಿಗೆ, ಮಕ್ತಾಕ್ಕೆ, ಹಾರಿತು. ಅಲ್ಲಿ ಕವಿ ತನ್ನ ಕಾವ್ಯನಾಮವನ್ನು ಇಡುತ್ತಾನೆ. ದಾಸರು ತಮ್ಮ ಹೆಸರನ್ನು ದೇವರ ಹೆಸರಲ್ಲಿ ಕರಗಿಸುತ್ತಾರೆ. ಗಜಲ್‌ಕಾರ ತನ್ನನ್ನೇ ಕರೆದು ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ. ಆದರೂ ಹಾಡು ಮುಗಿಯುವ ಹೊತ್ತಿಗೆ ಹಾಡಿದವರಾರೆಂದು ಒಪ್ಪಿಸುವ ಈ ಪರಿ ಎರಡಕ್ಕೂ ಒಂದೇ. ಪದ ಕೇಳಿ ಬೆಳೆದ ಈ ಸೀಮೆಯ ಕಿವಿಗೆ ಗಜಲ್ ಹೊರಗಿನದೆನಿಸದ್ದರಲ್ಲಿ ಅಚ್ಚರಿಯಿಲ್ಲ.

ಗತಿಸಿದ ಮೇಷ್ಟ್ರಿಗೆ ಪ್ರತಿಮೆ ನಿಲ್ಲಿಸುವುದು ಬೇರೆಯವರ ಕೆಲಸ. ನಾನು ಬೇಡುವುದಿಷ್ಟೇ: ರಾಯಚೂರು, ದೇವದುರ್ಗ, ಮಾನ್ವಿಯ ಕನ್ನಡ ತರಗತಿಗಳಲ್ಲಿ ದಾಸರದೊಂದು ಪದವನ್ನೂ ಶಾಂತರಸರದೊಂದು ಗಜಲನ್ನೂ ಒಂದೇ ಪೀರಿಯಡ್ಡಿನಲ್ಲಿ ಓದಿಸಲಿ. ಇಲ್ಲಿನ ಹುಡುಗ ಹುಡುಗಿಯರು ತಮ್ಮ ಊರಿನ ಎರಡೂ ದನಿಗಳನ್ನು ತಮ್ಮವೆಂದೇ ಕೇಳಿಸಿಕೊಳ್ಳಲಿ. ಶಾಂತರಸರು ಬಾಳಿನುದ್ದಕ್ಕೂ ಮಾಡಿದ ಪಾಠ ಅದೇ, ಅದು ಮುಂದುವರಿಯಬೇಕು.