ನೀಲಕುರಿಂಜಿಯ ನಾಡಿನಲ್ಲಿ

ಹನ್ನೆರಡು ವರ್ಷಗಳ ಕಾಯುವಿಕೆ ಕನ್ನಡಿಗರಿಗೆ ಹೊಸತಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕವಾಗುವುದು ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ. 2006ರಲ್ಲಿ ಮತ್ತು 2018ರಲ್ಲಿ ಆ ಮಹೋತ್ಸವವು ನಡೆದು ಕೆಲವು ತಿಂಗಳು ಕಳೆಯುವಷ್ಟರಲ್ಲಿ, ದಕ್ಷಿಣದ ಪಶ್ಚಿಮಘಟ್ಟದ ನೆತ್ತಿಯಲ್ಲಿ ಇನ್ನೊಂದು ಅಭಿಷೇಕ ನಡೆಯಿತು. ಅದಕ್ಕೆ ಹಾಲಿಲ್ಲ, ಚಂದನವಿಲ್ಲ. ಬೆಟ್ಟಕ್ಕೆ ಬೆಟ್ಟವೇ ನೀಲಿಯಲ್ಲಿ ಮಿಂದಿತು. ಆ ನೀಲಿಯ ಒಡೆಯ ಕುರಿಂಜಿಯೆಂಬ ಪುಟ್ಟ ಪೊದೆ.

ಇದನ್ನು ಅರಸಿ ಹೊರಟವರು ಕೇರಳದ ಮುನ್ನಾರನ್ನು ಸೇರುವುದು ವಾಡಿಕೆ. ಊರಿನಿಂದ ಪೂರ್ವಕ್ಕೆ ಹೊರಟ ರಸ್ತೆಯು ಮಾಟ್ಟುಪೆಟ್ಟಿಯ ಜಲಾಶಯವನ್ನೂ ಕುಂಡಳದ ಸರೋವರವನ್ನೂ ಬಳಸಿ, ಸುಮಾರು 32 ಕಿಲೋಮೀಟರು ಸಾಗಿ ಟಾಪ್ ಸ್ಟೇಷನ್ ಎಂಬಲ್ಲಿಗೆ ಏರುತ್ತದೆ. ಹಿಂದೆ ಇಲ್ಲಿಯವರೆಗೆ ಚಹದ ಪೆಟ್ಟಿಗೆಗಳನ್ನು ಹೊತ್ತ ಪುಟ್ಟ ರೈಲು ಬರುತ್ತಿತ್ತು. ಇಲ್ಲಿಂದ ಅವು ಹಗ್ಗದ ದಾರಿಯಲ್ಲಿ ತಮಿಳು ಸೀಮೆಯ ತಪ್ಪಲಿಗೆ ಇಳಿಯುತ್ತಿದ್ದವು. 1924ರ ಮಹಾಪ್ರವಾಹವು ಆ ರೈಲುಹಾದಿಯನ್ನು ಕೊಚ್ಚಿಕೊಂಡು ಹೋಯಿತು; ಹೆಸರು ಮಾತ್ರ ಉಳಿದಿದೆ.

ದಾರಿಯುದ್ದಕ್ಕೂ ಕಣ್ಣಿಗೆ ಬೀಳುವ ಹಸಿರು ಬಹುಪಾಲು ಚಹದ್ದು, ನೀಲಗಿರಿ ಮರದ್ದು. ಈ ಬೆಟ್ಟಗಳ ಹುಟ್ಟುಡುಗೆ ಬೇರೆ. ಇಳಿಜಾರಿನ ಮೇಲೆಲ್ಲ ಹುಲ್ಲು, ನೀರೊಸರುವ ಕಣಿವೆಯ ಮಡಿಲುಗಳಲ್ಲಿ ಮಾತ್ರ ದಟ್ಟವಾದ ಗಿಡ್ಡ ಮರಗಳ ಶೋಲಾ ಕಾಡು. ಹುಲ್ಲು ಮಳೆನೀರನ್ನು ಹೀರಿ ಹಿಡಿದಿಟ್ಟುಕೊಂಡು ಮೆಲ್ಲಮೆಲ್ಲನೆ ತೊರೆಗಳಿಗೆ ಬಿಡುತ್ತದೆ. ಮರವಿಲ್ಲದ ನೆಲವೆಂದರೆ ಬೀಳು ನೆಲವೆಂದು ಬಗೆದ ಆಂಗ್ಲರ ಕಾಲದಿಂದಲೂ ಈ ಹುಲ್ಲುಗಾವಲುಗಳಲ್ಲಿ ಪರದೇಶದ ಮರಗಳನ್ನು ನೆಡುತ್ತ ಬಂದರು. ಕುರಿಂಜಿಯ ಮನೆಯು ಕಿರಿದಾದುದು ಹೀಗೆ.

ಸಾಮಾನ್ಯವಾಗಿ ಮೊಣಕಾಲೆತ್ತರ ಬೆಳೆಯುವ ಈ ಗಿಡವು ಹನ್ನೊಂದು ವರ್ಷಗಳ ಕಾಲ ಯಾರ ಕಣ್ಣನ್ನೂ ಸೆಳೆಯದೆ ಹುಲ್ಲಿನ ನಡುವೆ ನಿಂತಿರುತ್ತದೆ. ಹನ್ನೆರಡನೆಯ ವರ್ಷದ ಮಳೆಗಾಲದ ಕೊನೆಗೆ ಒಂದು ಸೀಮೆಯ ಗಿಡಗಳೆಲ್ಲವೂ ಸಂಕೇತ ದೊರೆತಂತೆ ಒಮ್ಮೆಗೇ ಅರಳುತ್ತವೆ. ಜೇನುಹುಳುಗಳಿಗೆ ಅದು ಸುಗ್ಗಿ. ಆ ಬಳಿಕ ಬೀಜ ಕಟ್ಟಿ, ಉದುರಿಸಿ, ಗಿಡವು ಸತ್ತುಹೋಗುತ್ತದೆ. ಒಂದು ಜನ್ಮಕ್ಕೆ ಒಂದೇ ಹೂವು! 1838ರಿಂದ ಈಚೆಗಿನ ಅರಳುವಿಕೆಗಳ ಲೆಕ್ಕ ದೊರೆಯುತ್ತದೆ. ಬರವಣಿಗೆಯ ಹಂಗಿಲ್ಲದ ಗಿರಿಜನರಾದ ಮುದುವರು ತಮ್ಮ ವಯಸ್ಸನ್ನೇ ಕುರಿಂಜಿಯ ಹೂಗಳಿಂದ ಎಣಿಸುತ್ತಿದ್ದರೆಂದು ಹೇಳುತ್ತಾರೆ. ಪ್ರಾಚೀನ ತಮಿಳು ಕವಿಗಳು ಮಲೆಯ ಸೀಮೆಗೆಲ್ಲ ಈ ಹೂವಿನ ಹೆಸರನ್ನೇ ಇಟ್ಟು, ಮುರುಗನನ್ನು ಅದರ ಅಧಿದೈವವಾಗಿಸಿದರು.

ಇಂತಹ ಬಾಳುವೆಯ ಸೊಬಗಿನಲ್ಲಿಯೇ ಅದರ ಅಪಾಯವೂ ಅಡಗಿದೆ. ಬೇರೆ ಗಿಡವಾದರೆ ಈ ವರ್ಷ ಹೂ ಕಿತ್ತರೂ ಮುಂದಿನ ವರ್ಷ ಬಿಟ್ಟೀತು. ಕುರಿಂಜಿಗೆ ಮುಂದಿನ ವರ್ಷವೆಂಬುದಿಲ್ಲ. ಹೂವಿನ ಕಾಲದಲ್ಲಿ ಕಿತ್ತ ಕೊಂಬೆ, ಬೀಜ ಉದುರುವ ಮೊದಲೇ ತಗಲಿದ ಕಿಚ್ಚು, ಹನ್ನೆರಡು ವರ್ಷಗಳ ಗಳಿಕೆಯನ್ನು ಒಂದು ದಿನದಲ್ಲಿ ಅಳಿಸಬಲ್ಲವು.

1989ರಲ್ಲಿ ತಿರುವನಂತಪುರದ ಕೆಲವು ಪ್ರಕೃತಿಪ್ರಿಯರು ಕೊಡೈಕನಾಲಿನಿಂದ ಮುನ್ನಾರಿನವರೆಗೆ ಕಾಲ್ನಡೆಯಲ್ಲಿ ಸಾಗಿ, ಈ ಹೂವಿನ ಪರವಾಗಿ ದನಿಯೆತ್ತಿದರು. 2006ರಲ್ಲಿ ಭಾರತದ ಅಂಚೆ ಇಲಾಖೆಯು ಕುರಿಂಜಿಯ ಚೀಟಿಯನ್ನು ಹೊರತಂದಿತು. ಅದೇ ವರ್ಷ ಕೇರಳ ಸರ್ಕಾರವು ವಟ್ಟವಡ, ಕೊಟ್ಟಕಂಬೂರು ಗ್ರಾಮಗಳ ಸುಮಾರು 32 ಚದರ ಕಿಲೋಮೀಟರು ನೆಲವನ್ನು ಕುರಿಂಜಿಮಲೆ ಅಭಯಾರಣ್ಯವೆಂದು ಘೋಷಿಸಿತು. ಒಂದು ಹೂಗಿಡದ ಸಲುವಾಗಿ ಅಭಯಾರಣ್ಯವೇ ಏರ್ಪಟ್ಟುದು ವಿಶೇಷವಲ್ಲವೆ?

ಆದರೆ ಘೋಷಣೆಯು ಸುಲಭ, ಗಡಿಯ ಕಲ್ಲು ನೆಡುವುದು ಕಷ್ಟ. ವಟ್ಟವಡದ ಮೆಟ್ಟಿಲುಹೊಲಗಳಲ್ಲಿ ಬೆಳ್ಳುಳ್ಳಿ, ಆಲೂಗಡ್ಡೆ ಬೆಳೆಯುವ ರೈತರಿಗೆ ತಮ್ಮ ಪಟ್ಟೆಯ ಭೂಮಿಯ ಗತಿ ಏನಾದೀತೆಂಬ ಚಿಂತೆ. ಅವರ ನೆಪದ ಮರೆಯಲ್ಲಿ ಹೊರಗಿನವರು ಸುಳ್ಳು ಪಟ್ಟೆ ಮಾಡಿಸಿಕೊಂಡಿದ್ದಾರೆಂಬ ಆರೋಪ ಇನ್ನೊಂದು ಕಡೆ. ಈ ಜಗಳದಲ್ಲಿ ಗಡಿಯ ನಿರ್ಣಯವು ವರ್ಷಗಟ್ಟಲೆ ಎಳೆಯಿತು. ಸಾಚಾ ರೈತನ ಹಕ್ಕನ್ನು ತುಳಿದು ಹೂವನ್ನು ಕಾಯುವುದು ನ್ಯಾಯವಲ್ಲ. ರೈತನ ಹೆಸರು ಹೇಳಿ ಹುಲ್ಲುಗಾವಲನ್ನು ನುಂಗುವುದಂತೂ ನ್ಯಾಯವೇ ಅಲ್ಲ. ಹುಲ್ಲು ಹೋದರೆ ತೊರೆ ಬತ್ತುತ್ತದೆ. ತೊರೆ ಬತ್ತಿದರೆ ಹೊಲ ಉಳಿಯುವುದೆಲ್ಲಿ?

2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ನೀಲಕುರಿಂಜಿಯನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿತು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ರಕ್ಷಿತ ಸಸ್ಯಗಳಲ್ಲಿ ಎಣಿಸುತ್ತದೆ. ಕಿತ್ತವರು ದಂಡನೆಗೆ ಗುರಿಯಾಗುತ್ತಾರೆ. ಆದರೂ 2022ರಲ್ಲಿ ಇಡುಕ್ಕಿಯ ಶಾಂತನ್‌ಪಾರೆಯ ಬಳಿ ಬೆಟ್ಟ ಅರಳಿದಾಗ ನೋಡಬಂದ ಜನಸಾಗರವು ಹಿಂದೆ ಬಿಟ್ಟುಹೋದುದು ಪ್ಲಾಸ್ಟಿಕ್ಕಿನ ರಾಶಿ.

ನಾವು ಕನ್ನಡಿಗರು ಇದನ್ನು ಪರರ ಸಂಗತಿಯೆಂದು ತಿಳಿಯಬೇಕಾಗಿಲ್ಲ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯೂ 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತವೂ ಕುರಿಂಜಿಯ ಕುಲದ ಹೂಗಳಿಂದ ನೀಲಿಯಾದುವು. ಆ ಕುಲದಲ್ಲಿ ಜಾತಿಗಳು ಹಲವು, ಅರಳುವ ಅವಧಿಯೂ ಬೇರೆ ಬೇರೆ. ಆದರೆ ಅವುಗಳ ಮನೆ ಅದೇ ಹುಲ್ಲುಗಾವಲು.

ಮುನ್ನಾರಿನ ಬೆಟ್ಟಗಳ ಮುಂದಿನ ಮಹೋತ್ಸವ 2030ಕ್ಕೆ. ಅಂದು ಅಲ್ಲಿ ಜನ ಕಿಕ್ಕಿರಿಯುವುದರಲ್ಲಿ ಸಂದೇಹವಿಲ್ಲ. ಹೂವನ್ನು ಉಳಿಸುವ ಕಾಲ ಮಾತ್ರ ಅದಲ್ಲ, ಇದು. 2018ರ ಬೀಜದಿಂದ ಮೊಳೆತ ಗಿಡಗಳು ಯಾರೂ ನೋಡಬರದ ಇಂದಿನ ದಿನಗಳಲ್ಲಿ, ಮಂಜಿನಲ್ಲಿ ತೋಯುತ್ತ, ಹೂವಿಲ್ಲದೆ ಬರಿಯ ಎಲೆಗಳನ್ನು ಹೊತ್ತು ನಿಂತಿವೆ.